ಅರವತ್ತು ಪರ್ಸೆಂಟ್ ಬ್ಲಾಕೇಜ್, ಸ್ಟೆಂಟ್ ಬೇಕೇ? ಹೃದಯದ ನಾಳದಲ್ಲಿ ರಕ್ತದ ಹರಿವು ಅಳೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆ, ಗೋವಾದ ಕನ್ನಡದ ಮನೆಗಳಲ್ಲಿ ಆಂಜಿಯೋಗ್ರಫಿ ರಿಪೋರ್ಟ್ ಇಂಗ್ಲಿಷಿನಲ್ಲಿರುತ್ತದೆ, ಡಾಕ್ಟರು ಹಿಂದಿಯಲ್ಲೋ ಮರಾಠಿಯಲ್ಲೋ ಕೊಂಕಣಿಯಲ್ಲೋ ವಿವರಿಸಿರುತ್ತಾರೆ. ಲೋಕಲ್ ಹಿಡಿದು ಡೊಂಬಿವಲಿ ತಲುಪುವಷ್ಟರಲ್ಲಿ ನೆನಪಿನಲ್ಲಿ ಉಳಿದಿರುವುದು ಒಂದೇ: "ಅರವತ್ತು ಪರ್ಸೆಂಟ್ ಅಂತೆ." ಊರಿನಿಂದ ಬರುವ ಫೋನಿಗೂ ಅದೇ ಉತ್ತರ. ಆ ಅರವತ್ತು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದರಿಂದಲೇ ಶುರು ಮಾಡೋಣ.

ಅಪ್ಪನ ಎಲ್‌ಎಡಿಯಲ್ಲಿ 60 ಪರ್ಸೆಂಟ್ ಬ್ಲಾಕೇಜ್ ಎಂದರೆ 60 ಪರ್ಸೆಂಟ್ ರಕ್ತ ನಿಂತುಹೋಗಿದೆಯೇ?

ಇಲ್ಲ. ಎಲ್‌ಎಡಿ ಎಂದರೆ ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಮುಖ್ಯ ನಾಳ. 60 ಎಂಬುದು ಆ ನಾಳದ ಅಗಲದ ಲೆಕ್ಕ, ರಕ್ತದ ಲೆಕ್ಕವಲ್ಲ. 3 ಮಿ.ಮೀ. ಅಗಲದ ನಾಳ ಒಂದು ಕಡೆ 1.5 ಮಿ.ಮೀ. ಆಗಿದ್ದರೆ ಅದನ್ನು 50 ಪರ್ಸೆಂಟ್ ಎನ್ನುತ್ತಾರೆ. ಅಡ್ಡಕೊಯ್ತದ ಜಾಗ ಆಗಲೇ ಕಾಲು ಭಾಗಕ್ಕೆ ಇಳಿದಿರುತ್ತದೆ. ಆದರೂ ಸುಮ್ಮನೆ ಕೂತಿರುವಾಗ ಹರಿಯುವ ರಕ್ತ ಕಡಿಮೆಯಾಗಿರುವುದಿಲ್ಲ. ಮುಂದಿರುವ ಸೂಕ್ಷ್ಮನಾಳಗಳು ತಾವೇ ಹಿಗ್ಗಿ ಕೊರತೆ ತುಂಬಿಕೊಳ್ಳುತ್ತವೆ. ವಿಶ್ರಾಂತಿಯ ಹರಿವು ಬೀಳಲು ಅಗಲ ಸುಮಾರು 85–90 ಪರ್ಸೆಂಟ್ ಕಿರಿದಾಗಬೇಕು. ಮೆಟ್ಟಿಲು ಹತ್ತುವಾಗ ಬೇಕಾಗುವ ಹೆಚ್ಚಿನ ಹರಿವು ಮಾತ್ರ 50 ಪರ್ಸೆಂಟಿನ ಆಸುಪಾಸಿನಲ್ಲೇ ಕುಗ್ಗತೊಡಗಬಹುದು.

ಚಾಳಿನ ನೀರಿನ ಪೈಪನ್ನು ನೆನೆದುಕೊಳ್ಳಿ. ಪೈಪಿನೊಳಗೆ ತುಕ್ಕು ಕಟ್ಟಿದ್ದರೂ ಮಧ್ಯಾಹ್ನ ಒಬ್ಬರೇ ನಲ್ಲಿ ತಿರುಗಿಸಿದರೆ ನೀರು ಚೆನ್ನಾಗಿಯೇ ಬರುತ್ತದೆ. ಬೆಳಗ್ಗೆ ನೀರು ಬಿಟ್ಟಾಗ ಎಲ್ಲ ಖೋಲಿಯವರೂ ಒಟ್ಟಿಗೆ ನಲ್ಲಿ ತಿರುಗಿಸಿದಾಗಲೇ ಮೇಲಿನ ಮಹಡಿಯವರಿಗೆ ತುಕ್ಕಿನ ಸಂಗತಿ ಗೊತ್ತಾಗುವುದು.

ಹಾಗಾದರೆ ಆಂಜಿಯೋಗ್ರಫಿ ಚಿತ್ರ ನೋಡಿ ಹೇಳಲಾಗದೇ?

90 ದಾಟಿದ್ದರೆ ಬಹುಮಟ್ಟಿಗೆ ಹೇಳಬಹುದು. ತೊಡಕಿರುವುದು ನಡುವಿನ ಪಟ್ಟಿಯಲ್ಲಿ. 2009ರಲ್ಲಿ ಪ್ರಕಟವಾದ 'ಫೇಮ್' ಅಧ್ಯಯನದ ರೋಗಿಗಳಲ್ಲಿ ಒತ್ತಡ ಅಳೆದು ನೋಡಿದಾಗ, ಕಣ್ಣಿಗೆ 50–70 ಪರ್ಸೆಂಟ್ ಎಂದು ಕಂಡ ಬ್ಲಾಕೇಜ್‌ಗಳಲ್ಲಿ ನಿಜಕ್ಕೂ ಹರಿವನ್ನು ತಡೆಯುತ್ತಿದ್ದವು ಕೇವಲ 35 ಪರ್ಸೆಂಟ್. 71–90ರ ಗುಂಪಿನಲ್ಲಿ 80 ಪರ್ಸೆಂಟ್, 90ರ ಮೇಲೆ 96 ಪರ್ಸೆಂಟ್. ಅಂದರೆ ಎಪ್ಪತ್ತರ ಒಳಗಿನ ಮೂರರಲ್ಲಿ ಎರಡಕ್ಕೆ ಸ್ಟೆಂಟ್ ಹಾಕಿದ್ದರೆ ಅದು ದಂಡ. ಎಂಬತ್ತರ ಸುಮಾರಿನವಕ್ಕೆಲ್ಲ ಕಣ್ಣುಮುಚ್ಚಿ ಹಾಕಿದರೂ ಐದರಲ್ಲಿ ಒಂದು ವ್ಯರ್ಥ.

ಚಿತ್ರ ಮೋಸ ಮಾಡುವುದಕ್ಕೆ ಕಾರಣಗಳಿವೆ. ಪರ್ಸೆಂಟೇಜ್ ಹಾಕುವುದು ಪಕ್ಕದ 'ಚೆನ್ನಾಗಿರುವ' ಭಾಗಕ್ಕೆ ಹೋಲಿಸಿ. ಮಧುಮೇಹ ಇರುವವರಲ್ಲಿ ಆ ಪಕ್ಕದ ಭಾಗವೂ ಎಷ್ಟೋ ಸಲ ಉದ್ದಕ್ಕೂ ಕಿರಿದಾಗಿರುತ್ತದೆ. ಮೂಲದಲ್ಲಿ 3.5 ಮಿ.ಮೀ. ಇದ್ದ ನಾಳ ಇಡಿಯಾಗಿ 2.5ಕ್ಕೆ ಇಳಿದು, ಒಂದು ಕಡೆ 1.25 ಆಗಿದ್ದರೆ ರಿಪೋರ್ಟಿನಲ್ಲಿ 50 ಬರುತ್ತದೆ, ಅಸಲಿಗೆ 64. ಬ್ಲಾಕೇಜಿನ ಉದ್ದ ಎಷ್ಟು, ಅದರಾಚೆ ಎಷ್ಟು ಸ್ನಾಯು ಇದೆ ಎಂಬುದೂ ಚಿತ್ರದಲ್ಲಿ ಸರಿಯಾಗಿ ತೂಗುವುದಿಲ್ಲ. ಎಲ್‌ಎಡಿಯ ಬುಡದ 60 ಪರ್ಸೆಂಟು, ಚಿಕ್ಕ ಕವಲಿನ 60 ಪರ್ಸೆಂಟು ಎರಡೂ ಒಂದೇ ಅಲ್ಲ.

ಎಫ್‌ಎಫ್‌ಆರ್ ಅಂದರೆ ಏನು? ಸಂಖ್ಯೆ ಹೇಗೆ ಬರುತ್ತದೆ?

ಕಿರಿದಾದ ಜಾಗದ ಆಚೆಗಿನ ಒತ್ತಡವನ್ನು ಮಹಾಧಮನಿಯ ಒತ್ತಡದಿಂದ ಭಾಗಿಸುವುದು, ಅದೂ ಎಲ್ಲ ನಲ್ಲಿಗಳೂ, ಅಂದರೆ ಸೂಕ್ಷ್ಮನಾಳಗಳು, ಪೂರ್ತಿ ತೆರೆದಿರುವಾಗ. ನಿಕೊ ಪೈಲ್ಸ್, ಬರ್ನಾರ್ಡ್ ಡಿ ಬ್ರೈನ್ ಮತ್ತವರ ಸಂಗಡಿಗರು 1990ರ ದಶಕದಲ್ಲಿ ಇದನ್ನು ರೂಪಿಸಿದರು. ಉದಾಹರಣೆಗೆ, ಔಷಧ ಕೊಡುವ ಮೊದಲು ಮಹಾಧಮನಿಯಲ್ಲಿ 98, ಆಚೆ 91 ಇದ್ದರೆ ಅನುಪಾತ 0.93. ಸೂಕ್ಷ್ಮನಾಳಗಳನ್ನು ಹಿಗ್ಗಿಸುವ ಅಡೆನೊಸಿನ್ ಎಂಬ ಔಷಧ ಕೊಟ್ಟ ಮೇಲೆ 92 ಮತ್ತು 71 ಆದರೆ 0.77. ಅಂದರೆ ಆ ನಾಳ ಆರೋಗ್ಯವಾಗಿದ್ದಿದ್ದರೆ ಸಿಗಬಹುದಾಗಿದ್ದ ಗರಿಷ್ಠ ರಕ್ತದಲ್ಲಿ 77 ಪರ್ಸೆಂಟ್ ಮಾತ್ರ ಸಿಗುತ್ತಿದೆ.

0.80 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ಬ್ಲಾಕೇಜ್ ಹರಿವನ್ನು ತಡೆಯುತ್ತಿದೆ ಎಂದು ಲೆಕ್ಕ. ಮೊದಮೊದಲು ಗಡಿ 0.75 ಇತ್ತು, 0.75ರಿಂದ 0.80ರ ನಡುವಿನದನ್ನು ಈಗಲೂ ಬೂದು ವಲಯ ಎನ್ನುತ್ತಾರೆ. ಅಲ್ಲಿ ರೋಗಿಯ ಎದೆನೋವು ಎಷ್ಟು, ಯಾವ ನಾಳ ಎಂಬುದನ್ನೂ ಸೇರಿಸಿ ನಿರ್ಧರಿಸಬೇಕು. 0.79 ಬಂತೆಂದು ಓಡಿ ಸ್ಟೆಂಟ್, 0.81 ಬಂತೆಂದು ಸಿಹಿ ಹಂಚುವುದು ಎರಡೂ ತಪ್ಪು. ಅದೇ ಅಳತೆಯನ್ನು ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದರೆ ಸಂಖ್ಯೆ ಅಷ್ಟು ಆಚೀಚೆ ಆಗಬಹುದು.

ಕ್ಯಾಥ್‌ಲ್ಯಾಬಿನಲ್ಲಿ ಏನೇನು ಮಾಡುತ್ತಾರೆ?

ಆಂಜಿಯೋಗ್ರಫಿ ಮಾಡಿದ ಮಣಿಕಟ್ಟಿನ ದಾರಿಯಿಂದಲೇ, ಸಾಮಾನ್ಯವಾಗಿ ಅದೇ ಕೂರಿಕೆಯಲ್ಲಿ. 5 ಅಥವಾ 6 ಫ್ರೆಂಚ್‌ನ (ದಪ್ಪದ ಅಳತೆ) ಗೈಡಿಂಗ್ ಕ್ಯಾಥೆಟರ್ ಎಂಬ ತೆಳು ಕೊಳವೆ ಹಾಕಿ, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಆಮೇಲೆ ನಾಳದೊಳಗೆ 100–200 ಮೈಕ್ರೋಗ್ರಾಂ ನೈಟ್ರೋಗ್ಲಿಸರಿನ್. ಇದನ್ನು ಬಿಟ್ಟರೆ ನಾಳದ ಸೆಡೆತವನ್ನೇ ಬ್ಲಾಕೇಜ್ ಎಂದು ಅಳೆದಂತಾಗುತ್ತದೆ.

ಪ್ರೆಶರ್ ವೈರ್ 0.014 ಇಂಚು ದಪ್ಪದ್ದು, ಸ್ಟೆಂಟ್ ಸಾಗಿಸುವ ವೈರಿನಷ್ಟೇ. ಒತ್ತಡ ಅಳೆಯುವ ಸೆನ್ಸರ್ ಸಾಮಾನ್ಯವಾಗಿ ತುದಿಯಿಂದ 3 ಸೆಂ.ಮೀ. ಹಿಂದೆ ಇರುತ್ತದೆ. ಸೆನ್ಸರ್ ಕ್ಯಾಥೆಟರಿನ ಬಾಯಿ ದಾಟುತ್ತಿದ್ದಂತೆ ನಿಲ್ಲಿಸಿ ಎರಡೂ ಒತ್ತಡಗಳನ್ನು ಸಮ ಮಾಡುತ್ತಾರೆ. ಪರದೆಯ ಮೇಲೆ ಎರಡು ಬಣ್ಣದ ಗೆರೆಗಳು ಒಂದರ ಮೇಲೊಂದು ಕೂತು ಒಂದೇ ಗೆರೆಯಂತೆ ಓಡಬೇಕು, ಅನುಪಾತ 1.00. ಆಮೇಲೆ ವೈರನ್ನು ಬ್ಲಾಕೇಜ್ ದಾಟಿಸಿ ನಾಳದ ಕೊನೆಯ ಮೂರನೇ ಭಾಗಕ್ಕೆ ಒಯ್ಯುತ್ತಾರೆ.

ಈಗ ಅಡೆನೊಸಿನ್. ರಕ್ತನಾಳದ ಡ್ರಿಪ್ ಮೂಲಕವಾದರೆ ಪ್ರತಿ ಕಿಲೋಗೆ ನಿಮಿಷಕ್ಕೆ 140 ಮೈಕ್ರೋಗ್ರಾಂ. 70 ಕಿಲೋ ತೂಕದವರಿಗೆ ನಿಮಿಷಕ್ಕೆ 9.8 ಮಿ.ಗ್ರಾಂ, 1 ಮಿ.ಲೀ.ಗೆ 1 ಮಿ.ಗ್ರಾಂ ಕಲಸಿದ್ದರೆ ಪಂಪು ಗಂಟೆಗೆ 588 ಮಿ.ಲೀ. ವೇಗದಲ್ಲಿ ಓಡಬೇಕು. ಎರಡು ಮೂರು ನಿಮಿಷ ಹರಿಸಿದರೆ ಸಾಕು, ಆದರೆ ಅಷ್ಟಕ್ಕೇ 6 ಮಿ.ಗ್ರಾಂನ ನಾಲ್ಕೈದು ಆಂಪ್ಯೂಲ್ ಖಾಲಿಯಾಗುತ್ತದೆ. ಇನ್ನೊಂದು ದಾರಿ ನೇರ ಹೃದಯದ ನಾಳಕ್ಕೇ ಕೊಡುವುದು: ಬಲನಾಳಕ್ಕೆ ಸುಮಾರು 100, ಎಡನಾಳಕ್ಕೆ ಸುಮಾರು 200 ಮೈಕ್ರೋಗ್ರಾಂ. ಇದು ಅಗ್ಗ, ಚುರುಕು. ಆದರೆ ಪರಿಣಾಮ ಕೆಲವೇ ಸೆಕೆಂಡು ಇರುವುದರಿಂದ ವೈರನ್ನು ನಿಧಾನವಾಗಿ ಹಿಂದಕ್ಕೆ ಎಳೆಯುತ್ತ ಅಳೆಯಲು ಆಗದು.

ಹಾಗೆ ಎಳೆದು ನೋಡುವುದೇ ಈ ಪರೀಕ್ಷೆಯ ತಿರುಳು ಎಂಬುದು ನಮ್ಮ ಅಭಿಪ್ರಾಯ. ಒತ್ತಡ ಒಂದೇ ಜಾಗದಲ್ಲಿ ಧಡಕ್ಕನೆ ಏರಿದರೆ ಅಲ್ಲಿ ಸ್ಟೆಂಟ್ ಕೆಲಸ ಮಾಡುತ್ತದೆ. ಇಳಿಜಾರಿನಂತೆ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಏರಿದರೆ ನಾಳವೇ ಇಡಿಯಾಗಿ ಕಿರಿದಾಗಿದೆ ಎಂದರ್ಥ. ಅಂಥಲ್ಲಿ ಸಂಖ್ಯೆ 0.74 ಇದ್ದರೂ ಒಂದು ಸ್ಟೆಂಟಿನಿಂದ ಹೆಚ್ಚು ಗಿಟ್ಟುವುದಿಲ್ಲ. ಎಫ್‌ಎಫ್‌ಆರ್ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಒತ್ತಡ ಎಲ್ಲಿ ಬಿತ್ತು ಎಂದು ಕೇಳುವವರು ಕಡಿಮೆ.

ಕೊನೆಗೆ ಸೆನ್ಸರನ್ನು ಮತ್ತೆ ಕ್ಯಾಥೆಟರಿನ ಬಾಯಿಗೆ ತಂದು ಅನುಪಾತ ನೋಡುತ್ತಾರೆ. 0.97ರಿಂದ 1.03ರ ಒಳಗಿರಬೇಕು. ಇಲ್ಲದಿದ್ದರೆ ಸಮ ಮಾಡಿ ಮತ್ತೆ ಅಳೆಯಬೇಕು.

ಎಲ್ಲಿ ತಪ್ಪುತ್ತದೆ?

ತಪ್ಪಲು ಬೇಕಾದಷ್ಟು ಜಾಗಗಳಿವೆ, ಮತ್ತು ಹೆಚ್ಚಿನವು ಚಿಲ್ಲರೆ ಸಂಗತಿಗಳು.

ಕ್ಯಾಥೆಟರ್ ನಾಳದ ಬಾಯಿಗೆ ಬಿಗಿಯಾಗಿ ಕೂತರೆ ಮಹಾಧಮನಿಯ ಒತ್ತಡ ಸುಳ್ಳಾಗಿ ಕಡಿಮೆ ತೋರುತ್ತದೆ, ಅಲೆಯ ಇಳಿಜಾರಿನಲ್ಲಿರುವ ಸಣ್ಣ ಗೀರು ಮಾಯವಾಗುತ್ತದೆ. ಭಾಜಕ ಕುಗ್ಗಿದ್ದರಿಂದ ಅನುಪಾತ ಏರಿ, ಕೆಟ್ಟ ಬ್ಲಾಕೇಜ್ ಒಳ್ಳೆಯದಾಗಿ ಕಾಣುತ್ತದೆ. ಡ್ರಿಪ್ ಓಡುವಾಗ ಕ್ಯಾಥೆಟರನ್ನು ಒಂದಿಷ್ಟು ಹಿಂದೆ ಸರಿಸಿದರೆ ಸರಿಹೋಗುತ್ತದೆ. ಡೈ ತುಂಬಿದ ಕ್ಯಾಥೆಟರನ್ನು ಸಲೈನ್‌ನಿಂದ ತೊಳೆಯದೆ ಬಿಟ್ಟರೂ ಅಲೆ ಮಂಕಾಗುತ್ತದೆ. ವೈರ್ ಒಳಹಾಕಲು ಬಳಸಿದ ಸೂಜಿಯನ್ನು ಕ್ಯಾಥೆಟರಿನ ಹೊರತುದಿಯ ವಾಲ್ವಿನಲ್ಲೇ ಬಿಟ್ಟರೆ ಸೋರಿ ಕೆಲವು ಮಿ.ಮೀ. ಒತ್ತಡ ಕಳೆಯುತ್ತದೆ. ಸೂಜಿ ತೆಗೆದು, ವಾಲ್ವ್ ಬಿಗಿದ ಮೇಲೆಯೇ ಸಮ ಮಾಡಬೇಕು.

ಡ್ರಿಪ್ ಕೈ ಹಿಂಭಾಗದ ಸಣ್ಣ ನರಕ್ಕೆ ಹಾಕಿದ್ದರೆ ಅಡೆನೊಸಿನ್ ಹೃದಯ ಮುಟ್ಟುವ ಮೊದಲೇ ಬಹಳಷ್ಟು ಕರಗಿಹೋಗುತ್ತದೆ, ಏಕೆಂದರೆ ರಕ್ತದಲ್ಲಿ ಅದರ ಅರ್ಧಾಯುಷ್ಯ 10 ಸೆಕೆಂಡಿಗೂ ಕಡಿಮೆ. ಮೊಣಕೈ ಮಡಿಕೆಯ ದೊಡ್ಡ ನರ ಬೇಕು. ರೋಗಿ ಮೊಣಕೈ ಮಡಚಿದರೂ ಡ್ರಿಪ್ ನಿಲ್ಲುತ್ತದೆ. ಅದೇ ತೋಳಿಗೆ ಬಿಪಿ ಪಟ್ಟಿ ಕಟ್ಟಿದ್ದರಂತೂ ಅದು ಉಬ್ಬಿದಾಗಲೆಲ್ಲ ಔಷಧ ಬಂದ್. ಹೀಗೆ ಔಷಧ ಪೂರ್ತಿ ಮುಟ್ಟದೆ 0.84 ಬಂದದ್ದನ್ನು 'ನಾರ್ಮಲ್' ಎಂದು ಮನೆಗೆ ಕಳಿಸುವುದು ಇರುವ ತಪ್ಪುಗಳಲ್ಲೆಲ್ಲ ಅಪಾಯದ್ದು, ಯಾಕೆಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಸೆನ್ಸರಿನ ಅಂಕಿ ಜಾರಿದೆಯೋ ನಿಜವಾಗಿ ಒತ್ತಡ ಬಿದ್ದಿದೆಯೋ ಎಂದು ಗೆರೆಯ ಆಕಾರದಲ್ಲೇ ತಿಳಿಯುತ್ತದೆ. ಎರಡು ಗೆರೆಗಳೂ ಒಂದೇ ಆಕಾರದಲ್ಲಿ, ಗೀರು ಸಮೇತ, ಸಮಾನಾಂತರವಾಗಿ ಓಡುತ್ತಿದ್ದರೆ ಜಾರಿದ ಸಂಶಯ. ಆಚೆಗಿನ ಗೆರೆಯಲ್ಲಿ ಗೀರು ಅಳಿಸಿಹೋಗಿ ಆಕಾರವೇ ಬದಲಾಗಿದ್ದರೆ ನಿಜವಾದ ಅಡ್ಡಿ.

ಇನ್ನೊಂದು, ಅಷ್ಟಾಗಿ ಚರ್ಚೆಯಾಗದ ವಿಷಯ: ಮಲಗಿದವರ ಎಲ್‌ಎಡಿ ತುದಿ ಎದೆಯ ಮುಂಭಾಗಕ್ಕೆ, ಅಂದರೆ ಮೇಲಕ್ಕೆ ಇರುತ್ತದೆ. ಸೆನ್ಸರ್ ಒಂದು ಸೆಂ.ಮೀ. ಎತ್ತರವಾದರೆ ಸುಮಾರು 0.75 ಮಿ.ಮೀ. ಪಾದರಸದಷ್ಟು ಕಡಿಮೆ ಓದುತ್ತದೆ. ಐದು ಸೆಂ.ಮೀ. ಎತ್ತರಕ್ಕೆ ಹತ್ತಿರಹತ್ತಿರ 4. ಮಹಾಧಮನಿಯ ಒತ್ತಡ 90 ಇದ್ದರೆ ಅಷ್ಟರಿಂದಲೇ 0.04 ವ್ಯತ್ಯಾಸ. ಹಿಂಭಾಗದ ಸರ್ಕಮ್‌ಫ್ಲೆಕ್ಸ್ ನಾಳದಲ್ಲಿ ಇದು ತಿರುಗುಮುರುಗು.

ಹಿಂದಿನ ದಿನ ಕಾಫಿ ಕುಡಿಯಬಾರದು ಎನ್ನುತ್ತಾರೆ. ಒಂದು ಲೋಟಕ್ಕೂ ಕಟ್ಟುನಿಟ್ಟೇ?

ಮಾಟುಂಗಾದ ಕಾಫಿ ಬಿಡುವುದು ಕಷ್ಟ ಎಂಬುದು ಗೊತ್ತು. ಆದರೂ ಕೆಫೀನ್ ಅಡೆನೊಸಿನ್ ಕೂರುವ ಜಾಗವನ್ನೇ ಆಕ್ರಮಿಸುತ್ತದೆ. ನಲ್ಲಿಗಳು ಪೂರ್ತಿ ತೆರೆಯುವುದಿಲ್ಲ. ಡ್ರಿಪ್ ಮೂಲಕ ಮಾಡುವುದಾದರೆ 12ರಿಂದ 24 ಗಂಟೆ ಕಾಫಿ, ಚಹಾ, ಕೋಲಾ, ಚಾಕೊಲೇಟ್ ಬೇಡ. ಕಟಿಂಗ್ ಚಹಾವೂ ಚಹಾವೇ. ತಲೆನೋವಿಗೆ ನುಂಗುವ ಸಾರಿಡಾನ್‌ನಲ್ಲೂ ಕೆಫೀನ್ ಇದೆ. ಉಬ್ಬಸಕ್ಕೆ ಡೆರಿಫಿಲಿನ್ ತೆಗೆದುಕೊಳ್ಳುವವರು ಅದನ್ನು ಮುಂಚೆಯೇ ಹೇಳಬೇಕು. ಅದೂ ಅಡೆನೊಸಿನ್‌ಗೆ ಅಡ್ಡ ಬರುತ್ತದೆ, ಜೊತೆಗೆ ಉಬ್ಬಸ ಜೋರಾಗಿರುವವರಿಗೆ ಅಡೆನೊಸಿನ್ ಕೊಡುವುದೇ ಇಲ್ಲ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ನೋವಾಗುತ್ತದೆಯೇ? ಅಮ್ಮನಿಗೆ ಭಯ ಜಾಸ್ತಿ.

ವೈರ್ ಹೋದದ್ದು ತಿಳಿಯುವುದಿಲ್ಲ. ಅಡೆನೊಸಿನ್ ಹರಿದಾಗ ಎದೆ ಒತ್ತಿದ ಹಾಗೆ, ಮುಖ ಬಿಸಿಯಾದ ಹಾಗೆ, ಉಸಿರು ಸಿಕ್ಕಿದ ಹಾಗೆ ಆಗುತ್ತದೆ. ಹಾರ್ಟ್ ಅಟ್ಯಾಕೇ ಆಯಿತೆಂದು ಗಾಬರಿಯಾಗುವವರುಂಟು. ಔಷಧ ನಿಲ್ಲಿಸಿದ ಒಂದೆರಡು ನಿಮಿಷದಲ್ಲಿ ಎಲ್ಲ ಹೋಗುತ್ತದೆ. ಮೊದಲೇ ಅಮ್ಮನ ಭಾಷೆಯಲ್ಲಿ ಹೇಳಿಟ್ಟರೆ ಅರ್ಧ ಭಯ ಕಮ್ಮಿ. ಮೇಜಿನ ಮೇಲೆ ಮಲಗಿರುವಾಗ ಮರಾಠಿಯಲ್ಲಿ ಹೇಳಿದ್ದು ಯಾರ ಕಿವಿಗೂ ಹೋಗುವುದಿಲ್ಲ. ಎದೆಬಡಿತ ಕೆಲ ಸೆಕೆಂಡು ನಿಧಾನವಾಗಬಹುದು. ವೈರಿನಿಂದ ನಾಳದ ಗೋಡೆಗೆ ಗಾಯವಾಗುವುದು ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಔಷಧವಿಲ್ಲದೆ ಅಳೆಯುವುದು ಇದೆಯಂತಲ್ಲ?

ಇದೆ. ಐಎಫ್‌ಆರ್, ಆರ್‌ಎಫ್‌ಆರ್ ಎಂಬವು. ವೈರ್ ಅದೇ, ಅಡೆನೊಸಿನ್ ಬೇಡ. ಹೃದಯಬಡಿತದ ಚಕ್ರದಲ್ಲಿ ಹರಿವಿಗೆ ಅಡ್ಡಿ ಕಡಿಮೆ ಇರುವ ಹೊತ್ತಿನ ಒತ್ತಡವನ್ನು ಕಂಪ್ಯೂಟರ್ ಹೆಕ್ಕುತ್ತದೆ. ಇಲ್ಲಿ ಗಡಿ 0.89, ಅಷ್ಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಡ್ಡಿ ಇದೆ ಎಂದು ಲೆಕ್ಕ. ಈ ಸಂಖ್ಯೆಯನ್ನು ಎಫ್‌ಎಫ್‌ಆರ್‌ನ 0.80ರ ಜೊತೆ ಗೊಂದಲ ಮಾಡಿಕೊಂಡು "0.86 ಇದೆ, ಚೆನ್ನಾಗಿದೆ" ಎಂದುಕೊಳ್ಳುವುದು ಸಾಮಾನ್ಯ ಎಡವಟ್ಟು. 2017ರ ಎರಡು ದೊಡ್ಡ ಅಧ್ಯಯನಗಳಲ್ಲಿ ಒಂದು ವರ್ಷದ ಫಲಿತಾಂಶ ಎಫ್‌ಎಫ್‌ಆರ್‌ಗೆ ಸಾಟಿಯಾಗಿತ್ತು. ಅವುಗಳಲ್ಲಿ ಒಂದರ ಐದು ವರ್ಷದ ಲೆಕ್ಕದಲ್ಲಿ ಐಎಫ್‌ಆರ್ ಗುಂಪಿನ ಸಾವು ಕೊಂಚ ಹೆಚ್ಚು ಕಂಡು ಚರ್ಚೆಗೆ ದಾರಿಯಾಗಿದೆ. ಸರಿಸುಮಾರು ಐದರಲ್ಲಿ ಒಂದು ಸಲ ಎರಡೂ ಅಳತೆಗಳು ಬೇರೆ ಬೇರೆ ಮಾತಾಡುತ್ತವೆ.

ವೈರೂ ಬೇಡದ ಕ್ಯೂಎಫ್‌ಆರ್ ಆಂಜಿಯೋಗ್ರಫಿಯ ಎರಡು ಕೋನದ ಚಿತ್ರಗಳಿಂದ ಲೆಕ್ಕ ಹಾಕುತ್ತದೆ. ಚೀನಾದ ಅಧ್ಯಯನದಲ್ಲಿ (2021) ಕಣ್ಣಂದಾಜಿಗಿಂತ ಅದು ಮೇಲು ಎಂದು ತೋರಿತು. ಯುರೋಪಿನದರಲ್ಲಿ (2024) ಎಫ್‌ಎಫ್‌ಆರ್‌ಗೆ ಸಮವೆಂದು ಸಾಬೀತಾಗಲಿಲ್ಲ. ಎರಡನ್ನೂ ಜೋಡಿಸಿ ನೋಡಿದರೆ: ಅಂದಾಜಿಗಿಂತ ಒಳ್ಳೆಯದು, ವೈರಿಗೆ ಬದಲಿ ಅಲ್ಲ. ಸಿಟಿ ಸ್ಕ್ಯಾನಿನಿಂದ ಲೆಕ್ಕ ಹಾಕುವ ವಿಧಾನವೂ ಇದೆ. ಸುಣ್ಣ ಗಟ್ಟಿಯಾಗಿ ಕಟ್ಟಿದ್ದರೆ, ಹಳೆಯ ಸ್ಟೆಂಟ್ ಇದ್ದರೆ ಅದರ ಮೇಲೆ ಭರವಸೆ ಕಡಿಮೆ.

ಟ್ರೆಡ್‌ಮಿಲ್ ಪರೀಕ್ಷೆಯಲ್ಲೇ ಗೊತ್ತಾಗುವುದಿಲ್ಲವೇ?

ರಕ್ತದ ಕೊರತೆ ಇದೆಯೇ ಎಂಬ ಸುಳಿವು ಸಿಗಬಹುದು, ಯಾವ ನಾಳದಿಂದ ಎಂಬುದು ಸಿಗುವುದಿಲ್ಲ. ಹೃದಯಕ್ಕೆ ಶ್ರಮ ಕೊಟ್ಟು ಅದರ ಬಡಿತ ನೋಡುವ ಸ್ಟ್ರೆಸ್ ಎಕೋ, ಸ್ನಾಯುವಿನ ಯಾವ ಭಾಗಕ್ಕೆ ರಕ್ತ ಎಷ್ಟು ತಲುಪುತ್ತದೆ ಎಂದು ನೋಡುವ ಪರ್ಫ್ಯೂಶನ್ ಸ್ಕ್ಯಾನ್ ಇದಕ್ಕಿಂತ ವಾಸಿ. ಆಂಜಿಯೋಗ್ರಫಿಗೆ ಮೊದಲೇ ಸ್ಕ್ಯಾನಿನಲ್ಲಿ ಎಲ್‌ಎಡಿ ಭಾಗದ ಕೊರತೆ ಸ್ಪಷ್ಟವಾಗಿ ಕಂಡಿದ್ದು, ಬ್ಲಾಕೇಜೂ ಅಲ್ಲೇ ಇದ್ದರೆ ಪ್ರೆಶರ್ ವೈರಿನ ಖರ್ಚು ಎಷ್ಟೋ ಸಲ ಉಳಿಯುತ್ತದೆ. ಮೂರೂ ನಾಳಗಳು ಸಮನಾಗಿ ಕೆಟ್ಟಿದ್ದರೆ ಮಾತ್ರ ಸ್ಕ್ಯಾನ್ ಮೋಸ ಹೋಗಬಹುದು, ಅದು ಹೋಲಿಸಿ ನೋಡುವ ಪರೀಕ್ಷೆ.

ಎಫ್‌ಎಫ್‌ಆರ್ 0.86 ಬಂತು, ಸ್ಟೆಂಟ್ ಬೇಡ ಎಂದರು. ಹಾಗೇ ಬಿಟ್ಟರೆ ಅಪಾಯವಲ್ಲವೇ?

'ಡೆಫರ್' ಅಧ್ಯಯನ ಇದೇ ಪ್ರಶ್ನೆಯನ್ನು ಹಿಡಿದು ಹೊರಟಿತು. ಎಫ್‌ಎಫ್‌ಆರ್ 0.75ರ ಮೇಲಿದ್ದವರಲ್ಲಿ ಅರ್ಧ ಜನಕ್ಕೆ ಆಂಜಿಯೋಪ್ಲಾಸ್ಟಿ ಮಾಡಿ, ಅರ್ಧ ಜನಕ್ಕೆ ಮಾಡದೆ ಬಿಟ್ಟರು. ಐದು ವರ್ಷದಲ್ಲಿ ಹೃದಯದ ಸಾವು ಅಥವಾ ಹೃದಯಾಘಾತ: ಮಾಡದವರಲ್ಲಿ 3.3 ಪರ್ಸೆಂಟ್, ಮಾಡಿದವರಲ್ಲಿ 7.9. ಸಂಖ್ಯಾಶಾಸ್ತ್ರದ ಕಣ್ಣಿಗೆ ಈ ಅಂತರ ದೊಡ್ಡದಲ್ಲ, ಆದರೆ ಮಾಡಿದ್ದರಿಂದ ಲಾಭವಾಗಲಿಲ್ಲ ಎಂಬುದಂತೂ ಸ್ಪಷ್ಟ. ಒಂದಕ್ಕಿಂತ ಹೆಚ್ಚು ನಾಳ ಕೆಟ್ಟಿದ್ದ 1,005 ರೋಗಿಗಳ 'ಫೇಮ್'ನಲ್ಲಿ ಅಳೆದು ಹಾಕಿದವರಿಗೆ ಸರಾಸರಿ 1.9 ಸ್ಟೆಂಟ್, ನೋಡಿ ಹಾಕಿದವರಿಗೆ 2.7, ಒಂದು ವರ್ಷದಲ್ಲಿ ಸಾವು, ಹೃದಯಾಘಾತ, ಮರುಚಿಕಿತ್ಸೆ ಸೇರಿ 13.2 ಮತ್ತು 18.3 ಪರ್ಸೆಂಟ್.

ಆದರೆ 'ಸ್ಟೆಂಟ್ ಬೇಡ' ಎಂದರೆ 'ರೋಗ ಇಲ್ಲ' ಎಂದಲ್ಲ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಡಾಕ್ಟರು ಬರೆದ ಆಸ್ಪಿರಿನ್, ಸಕ್ಕರೆ-ಬಿಪಿ ಹತೋಟಿ ನಿಲ್ಲಿಸುವಂತಿಲ್ಲ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 55ಕ್ಕಿಂತ ಕೆಳಗಿರಲಿ ಎನ್ನುತ್ತದೆ ಯುರೋಪಿನ ಮಾರ್ಗಸೂಚಿ. ಮಾತ್ರೆ ಬಿಟ್ಟವರಿಗೆ 0.86 ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಯಾರಿಗೆ ಈ ಪರೀಕ್ಷೆ ಸರಿಹೊಂದುವುದಿಲ್ಲ?

ಹೃದಯಾಘಾತವಾಗಿ ಬಂದವರಲ್ಲಿ ಆಘಾತಕ್ಕೆ ಕಾರಣವಾದ ನಾಳವನ್ನೇ ಆಗ ಅಳೆಯಬಾರದು. ಸೂಕ್ಷ್ಮನಾಳಗಳು ಮರಗಟ್ಟಿರುತ್ತವೆ, ಸಂಖ್ಯೆ ಸುಳ್ಳಾಗಿ ಚೆನ್ನಾಗಿ ಬರುತ್ತದೆ. ಎಡ ಮುಖ್ಯನಾಳದಲ್ಲಿ ಅಳೆಯಬಹುದು, ಆದರೆ ಕೆಳಗೆ ಎಲ್‌ಎಡಿಯೂ ಕೆಟ್ಟಿದ್ದರೆ ಓದುವುದು ಜಟಿಲ. ಅಲ್ಲಿ ಐವಸ್ (ನಾಳದೊಳಗಿನ ಅಲ್ಟ್ರಾಸೌಂಡ್) ಹಾಕಿ ಒಳಜಾಗವನ್ನೂ ನೋಡುವುದು ಒಳ್ಳೆಯದು. ನಾಳ ಚೆನ್ನಾಗಿದ್ದೂ ಎದೆನೋವು ಬಿಡದಿದ್ದರೆ ತೊಂದರೆ ಸೂಕ್ಷ್ಮನಾಳಗಳಲ್ಲಿರಬಹುದು. ಅದಕ್ಕೆ ಸಿಎಫ್‌ಆರ್, ಐಎಂಆರ್ ಎಂಬ ಬೇರೆ ಅಳತೆಗಳಿವೆ. ಐಎಂಆರ್ 25 ಅಥವಾ ಮೇಲಿದ್ದರೆ ಅಸಹಜ. ಹೆಂಗಸರ ಎದೆನೋವನ್ನು 'ಟೆನ್ಶನ್' ಎಂದು ಕಳಿಸುವ ಮೊದಲು ಇದನ್ನು ಕೇಳುವುದು ವಾಸಿ.

ಖರ್ಚು, ವಿಮೆ?

ಪ್ರೆಶರ್ ವೈರ್ ಒಬ್ಬರಿಗೆ ಬಳಸಿ ಎಸೆಯುವ ವಸ್ತು, ಅಗ್ಗದ್ದಲ್ಲ. ಆದರೆ ಒಂದೇ ವೈರಿನಲ್ಲಿ ಆ ಕೂರಿಕೆಯ ಎಲ್ಲ ನಾಳಗಳನ್ನೂ ಅಳೆಯಬಹುದು, ಅದೇ ವೈರಿನ ಮೇಲೆ ಸ್ಟೆಂಟನ್ನೂ ಒಯ್ಯಬಹುದು. ಮಹಾರಾಷ್ಟ್ರದ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆ, ಗೋವಾದ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ ಅಥವಾ ಖಾಸಗಿ ಪಾಲಿಸಿ, ಯಾವುದೇ ಇರಲಿ, ಆಂಜಿಯೋಗ್ರಫಿಗೆ ಒಳಗೆ ಹೋಗುವ ಮೊದಲೇ ಕೌಂಟರಿನಲ್ಲಿ ಕೇಳಿ: ವೈರ್ ಪ್ಯಾಕೇಜಿನಲ್ಲಿದೆಯೇ, ಇಲ್ಲದಿದ್ದರೆ ಎಷ್ಟು, ಬರೆದು ಕೊಡಿ. ಮೇಜಿನ ಮೇಲೆ ರೋಗಿ ಮಲಗಿರುವಾಗ ಹೊರಗೆ ಬಂದು "ಹತ್ತು ನಿಮಿಷದಲ್ಲಿ ಹೇಳಿ" ಎನ್ನುವ ಸನ್ನಿವೇಶದಲ್ಲಿ ಯಾರ ತಲೆಯೂ ಓಡುವುದಿಲ್ಲ. ಅಳತೆ ಬೇಕೋ ಸ್ಟೆಂಟ್ ಬೇಕೋ ಎಂಬ ಸಮ್ಮತಿಯ ಮಾತೂ ಆಗಲೇ ಮುಗಿದಿರಲಿ.

ಊರಿಗೆ ಹೋಗಿ ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಎರಡನೇ ಅಭಿಪ್ರಾಯ ಕೇಳಬೇಕು. ಏನು ಒಯ್ಯಬೇಕು?

ಆಂಜಿಯೋಗ್ರಫಿಯ ಸಿಡಿ ಅಥವಾ ಪೆನ್‌ಡ್ರೈವ್. ಟೈಪ್ ಮಾಡಿದ ರಿಪೋರ್ಟ್ ಒಂದೇ ಸಾಲದು. ಒತ್ತಡದ ಗೆರೆಗಳ ಪ್ರಿಂಟ್, ನಾಳವೊಂದಕ್ಕೆ ಒಂದರಂತೆ, ಎರಡೂ ಒತ್ತಡಗಳ ಅಂಕಿ ಸಮೇತ. ಯಾವ ಔಷಧ, ಎಷ್ಟು, ಯಾವ ದಾರಿಯಿಂದ ಕೊಟ್ಟರು ಎಂಬುದು. ಎಳೆದು ನೋಡಿದ್ದರೆ ಆ ಗೆರೆ. ಕೊನೆಯಲ್ಲಿ ಕ್ಯಾಥೆಟರಿನ ಬಾಯಿಯಲ್ಲಿ ಅನುಪಾತ ಎಷ್ಟಕ್ಕೆ ಮರಳಿತು ಎಂಬುದು. ಈ ಕೊನೆಯದು ರಿಪೋರ್ಟಿನಲ್ಲಿ ಬಹುಪಾಲು ಸಲ ಇರುವುದೇ ಇಲ್ಲ; ಡಿಸ್ಚಾರ್ಜ್ ದಿನವೇ ಕೇಳಿ ಬರೆಸಿಕೊಳ್ಳಿ, ವಾರ ಕಳೆದರೆ ಯಂತ್ರದಿಂದ ತೆಗೆದುಕೊಡಲು ಓಡಾಡಬೇಕಾಗುತ್ತದೆ.